ರಿವಾಲ್ವರ್ ಗುಂಡಿನ ಬಲ, ಕೈಗೆ ಬೀಳುವ ಒದೆತ

1858ರ ಮೇ 29ರ ರಾತ್ರಿ ರಾಮದುರ್ಗ ಸೀಮೆಯ ಸುರೇಬಾನದಲ್ಲಿ ಕಂಪನಿ ಸರಕಾರದ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಪಲ್ಲಕ್ಕಿಯಲ್ಲಿ ಮಲಗಿದ್ದ. ನರಗುಂದದ ದೊರೆ ಬಾಬಾಸಾಹೇಬನ ಕಡೆಯವರು ಮೇಲೆ ಬಿದ್ದಾಗ ಎಚ್ಚೆತ್ತು ರಿವಾಲ್ವರ್ ಹಾರಿಸಿದ, ಮುಂದೆ ಬಂದವನೊಬ್ಬನಿಗೆ ಗಾಯವೂ ಆಯಿತು. ಆದರೆ ಬಂದವರು ನಿಲ್ಲಲಿಲ್ಲ. ಕತ್ತಿಗಳು ಅವನನ್ನು ಮುಗಿಸಿದವು. ಮೂರನೆಯ ದಿನ, ಜೂನ್ 1ರಂದು, ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯನೂ ಹಮ್ಮಿಗಿ ಕೆಂಚನಗೌಡನೂ ಕಂಪನಿಯ ಸೇನಾಧಿಕಾರಿ ಹ್ಯೂಸ್‌ನ ಪಡೆಯೊಡನೆ ಕಾದಾಡಿ ಮಡಿದರು. ಈ ಬಂಡಾಯಕ್ಕೆ ಕಿಚ್ಚು ಹಚ್ಚಿದ ಕಾರಣಗಳಲ್ಲಿ ಒಂದು, ಜನರ ಆಯುಧಗಳನ್ನು ಕಸಿದುಕೊಳ್ಳುವ 1857ರ ಕಾಯಿದೆ. ಅದೇ ಕಾಯಿದೆಯ ವಿರುದ್ಧ ಈ ಬಂಡಾಯಕ್ಕೂ ಆರು ತಿಂಗಳು ಮೊದಲು ಹಲಗಲಿಯ ಬೇಡರು ಎದ್ದಿದ್ದರು.

ರಿವಾಲ್ವರ್ ಕೊಪ್ಪಳ ಸೀಮೆಯ ಆಸುಪಾಸಿಗೆ ಕಾಲಿಟ್ಟದ್ದು ಹೀಗೆ, ಕಂಪನಿ ಅಧಿಕಾರಿಗಳ ಸೊಂಟದಲ್ಲಿ. ಗುಂಡು ತಗಲಿದರೂ ಎದುರಾಳಿ ನಿಲ್ಲದಿದ್ದರೆ ಏನು ಮಾಡುವುದು ಎಂಬ ಪ್ರಶ್ನೆಯೂ ಅದರ ಜೊತೆಗೇ ಹುಟ್ಟಿತು. ದೊಡ್ಡ ಗುಂಡಿನ ರಿವಾಲ್ವರುಗಳ ಒಂದೂವರೆ ಶತಮಾನದ ಕಥೆಯೆಲ್ಲ ಆ ಪ್ರಶ್ನೆಗೆ ಕೊಟ್ಟ ಉತ್ತರಗಳ ಸರಣಿ. ಪ್ರತಿ ಉತ್ತರಕ್ಕೂ ಬೆಲೆ ತೆತ್ತದ್ದು ಹಾರಿಸುವವನ ಮಣಿಕಟ್ಟು.

ಆ ಕಾಲದ ಅಧಿಕಾರಿಗಳಲ್ಲಿ ಎರಡು ಪಂಗಡಗಳಿದ್ದವು. ಕೆಲವರ ಬಳಿ ಅಮೆರಿಕದ ಕೋಲ್ಟ್ ಕಂಪನಿಯ 1851ರ ನೇವಿ ಮಾದರಿ. ಅದರ ಗುಂಡು .36 ಅಂಗುಲದ್ದು, ಗುರಿ ಚೊಕ್ಕ. ಉಳಿದವರದು ಇಂಗ್ಲೆಂಡಿನ ಆಡಮ್ಸ್. ಅದರ ಸೈನಿಕ ಮಾದರಿ 54 ಬೋರ್. ಒಂದು ಪೌಂಡ್ ಸೀಸದಿಂದ ಸಮನಾದ 54 ಗುಂಡು ಎರೆದರೆ ಒಂದೊಂದರ ಅಗಲ .442 ಅಂಗುಲ ಬರುತ್ತದೆ. ಹಳ್ಳಿಯ 12 ಬೋರ್ ಬಂದೂಕಿನ ಲೆಕ್ಕವೂ ಇದೇ: ಪೌಂಡಿಗೆ 12 ಗುಂಡು. ಹಾಗಾಗಿ ಬೋರಿನ ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ದೊಡ್ಡದು. ಬಂಗಾಳ ಸೇನೆಯಲ್ಲಿದ್ದ ಜಾರ್ಜ್ ಫಾಸ್ಬರಿ ಮುಂದೆ ಒಂದು ಪ್ರಸಂಗ ಹೇಳುತ್ತಿದ್ದ. ತನ್ನ ಗುರಿಯ ಬಗ್ಗೆ ಹೆಮ್ಮೆಯಿದ್ದ ಅಧಿಕಾರಿಯೊಬ್ಬ ಕತ್ತಿ ಹಿರಿದು ಬಂದ ಸಿಪಾಯಿಯ ಮೇಲೆ ನೇವಿ ಕೋಲ್ಟಿನ ಗುಂಡುಗಳನ್ನು ಖಾಲಿ ಮಾಡಿದ. ಗುಂಡುಗಳು ಬಿದ್ದವು, ಆದರೂ ಸಿಪಾಯಿ ಬಂದು ಅವನನ್ನು ಕಡಿದುಹಾಕಿದ. ಬ್ರಿಟಿಷ್ ಸೇನೆ ಮುಂದಿನ ಎಪ್ಪತ್ತು ವರ್ಷ ದಪ್ಪ ಗುಂಡಿಗೆ ಅಂಟಿಕೊಳ್ಳಲು ಇಂಥ ಕಥೆಗಳ ಪಾಲೂ ಇದೆ.

ಮದ್ದು ತುಂಬಿ ಗುಂಡು ತುರುಕುವ ಆ ಪದ್ಧತಿ ಹೋಗಿ ಹಿತ್ತಾಳೆಯ ತೋಟಾ ಬಂದ ಮೇಲೆ ಹೆಸರುಗಳ ಗೊಂದಲ ಶುರುವಾಯಿತು. ತೋಟಾದ ತಳದಲ್ಲಿ ಕೆತ್ತಿದ ಸಂಖ್ಯೆಯನ್ನು ನೆಚ್ಚುವವರು ಇಲ್ಲಿ ಹುಷಾರಾಗಿರಬೇಕು. .38 ಸ್ಪೆಷಲ್‌ನ ಗುಂಡಿನ ನಿಜವಾದ ಅಗಲ .357 ಅಂಗುಲ. .357 ಮ್ಯಾಗ್ನಂ ಎಂಬುದರದೂ ಅಷ್ಟೇ. ಎರಡಕ್ಕೂ ಒಂದೇ ಗುಂಡು. .44 ಎಂದು ಕರೆಸಿಕೊಳ್ಳುವುದು ಅಳೆದರೆ .429. .454 ಕಸುಲ್, .460 ಸ್ಮಿತ್ ಅಂಡ್ ವೆಸನ್ ಎರಡೂ .452. ಇವುಗಳ ನಡುವೆ .357ರಂತೆಯೇ ಹೇಳಿದಷ್ಟೇ ಅಗಲವಿರುವ ಇನ್ನೊಂದು ಪ್ರಾಮಾಣಿಕ ಎಂದರೆ .500 ಸ್ಮಿತ್ ಅಂಡ್ ವೆಸನ್. ಅಮೆರಿಕದ ಕಾನೂನು ಅರ್ಧ ಅಂಗುಲಕ್ಕಿಂತ ಅಗಲದ ನಳಿಗೆಯನ್ನು ಬೇರೆ ದರ್ಜೆಗೆ ಹಾಕುತ್ತದೆ, ಆದ್ದರಿಂದ ಅದು ಗೆರೆಯ ಮೇಲೇ ನಿಂತಿದೆ.

ಅಗಲ ಹೀಗಾದರೆ ಬಲವನ್ನು ಅಳೆಯುವುದು ಹೇಗೆ? ಕಂಪನಿಗಳು ಪೆಟ್ಟಿಗೆಯ ಮೇಲೆ ಅಚ್ಚು ಹಾಕುವುದು ನಳಿಗೆ ಬಿಡುವಾಗ ಗುಂಡಿಗಿರುವ ಚಲನಶಕ್ತಿ: ತೂಕವನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದ್ದು. ವೇಗ ಇಮ್ಮಡಿಯಾದರೆ ಈ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದರೆ ರಿವಾಲ್ವರನ್ನು ಹಿಂದಕ್ಕೆ ತಳ್ಳುವುದು ಸಂವೇಗ, ಅಂದರೆ ತೂಕ ಗುಣಿಸು ವೇಗ. ಇಲ್ಲಿ ವರ್ಗದ ಆರ್ಭಟವಿಲ್ಲ. ಗುಂಡಿನ ಸಂವೇಗಕ್ಕೆ ಅದರ ಬೆನ್ನಿಗೇ ನುಗ್ಗುವ ಮದ್ದಿನ ಹೊಗೆಯ ಸಂವೇಗವನ್ನು ಕೂಡಿಸಿ ಆಯುಧದ ತೂಕದಿಂದ ಭಾಗಿಸಿದರೆ, ಆಯುಧ ಎಷ್ಟು ವೇಗದಲ್ಲಿ ಕೈಯತ್ತ ಬರುತ್ತದೆ ಎಂದು ತಿಳಿಯುತ್ತದೆ. ಆ ವೇಗದಿಂದ ಲೆಕ್ಕ ಹಾಕಿದ ಜೌಲ್ ಸಂಖ್ಯೆಯೇ ಒದೆತ. ಬಲದ ಪಟ್ಟಿ, ಒದೆತದ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಲುಗಳು ಹೊಂದುವುದಿಲ್ಲ. ಬಹುತೇಕ ವಾದಗಳು ಇಲ್ಲೇ ದಾರಿ ತಪ್ಪುತ್ತವೆ.

ನಮ್ಮಲ್ಲಿ ಹೆಚ್ಚು ಹೆಸರು ಕೇಳಿದ ದೊಡ್ಡ ಬೋರ್ ಎಂದರೆ .455 ವೆಬ್ಲಿ. ವೆಬ್ಲಿ ರಿವಾಲ್ವರ್ ಬ್ರಿಟಿಷ್ ಸೇನೆಗೆ ಸೇರಿದ್ದು 1887ರಲ್ಲಿ. ಅದರ ಆರನೆಯ ಮಾದರಿ 1915ರದು. ಅದರ ಗುಂಡಿನ ತೂಕ 265 ಗ್ರೇನ್, ಅಂದರೆ 17 ಗ್ರಾಂ ಚಿಲ್ಲರೆ. ವೇಗ ಸೆಕೆಂಡಿಗೆ ಸುಮಾರು 183 ಮೀಟರ್, ಶಬ್ದದ ವೇಗಕ್ಕಿಂತ ಎಷ್ಟೋ ಕಡಿಮೆ. ಶಕ್ತಿ 290 ಜೌಲ್ ಆಸುಪಾಸು. ಇಂದಿನ ಪಟ್ಟಿಗಳಲ್ಲಿ ಇದು ನಗೆಪಾಟಲಿನ ಅಂಕಿ. ಆದರೆ 1.1 ಕಿಲೋ ತೂಕದ ಆ ಆಯುಧದಲ್ಲಿ ಒದೆತ ಲೆಕ್ಕ ಹಾಕಿದರೆ ಕೇವಲ 5 ಜೌಲ್. ದಪ್ಪ ಗುಂಡು, ನಿಧಾನ ವೇಗ, ಭಾರದ ಆಯುಧ ಮೂರೂ ಸೇರಿದ್ದರಿಂದ ಕುದುರೆಯ ಮೇಲಿದ್ದವನೂ ಎರಡನೆಯ ಗುಂಡನ್ನು ಬೇಗ ಹಾರಿಸಬಹುದಿತ್ತು. ಈ ತೋಟಾದ ಒಂದು ರೂಪ 1898ರಲ್ಲಿ ಬಂತು. ಮೂಗು ಚಪ್ಪಟೆಯಾಗಿದ್ದು ಒಳಗೆ ಗುಳಿಯಿದ್ದ ಗುಂಡು ಅದರದು. ಮೈಯೊಳಗೆ ಅರಳುವ ಗುಂಡುಗಳನ್ನು ಮರುವರ್ಷ ಹೇಗ್ ಸಮ್ಮೇಳನ ಯುದ್ಧದಲ್ಲಿ ನಿಷೇಧಿಸಿತು. 1900ರಲ್ಲಿ ಸೇನೆ ಆ ಗುಂಡನ್ನು ಹಿಂತೆಗೆದುಕೊಂಡು ಹಳೆಯ ಸೀಸದ ಗುಂಡಿಗೇ ಮರಳಿತು.

ಇದೇ .455 ಬೋರಿನ ಜೊತೆ ಭಾರತದ ಇತಿಹಾಸದ ಒಂದು ವಿಚಿತ್ರ ಪ್ರಕರಣವೂ ಸೇರಿಕೊಂಡಿದೆ. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಉಧಮ್ ಸಿಂಗ್ ಹಾರಿಸಿದ್ದು .455 ಬೋರಿನ ಸ್ಮಿತ್ ಅಂಡ್ ವೆಸನ್ ರಿವಾಲ್ವರ್. ಅದರಲ್ಲಿದ್ದ ತೋಟಾಗಳು ಮಾತ್ರ ಹಳೆಯ .44. ನಳಿಗೆಗಿಂತ ಗುಂಡು ಸಣ್ಣದಾದರೆ ಮದ್ದಿನ ಹೊಗೆ ಬದಿಯಿಂದ ಸೋರಿ ಗುಂಡಿಗೆ ಪೂರ್ತಿ ತಳ್ಳು ಸಿಗುವುದಿಲ್ಲ. ಪಂಜಾಬಿನ ಹಿಂದಿನ ಲೆಫ್ಟಿನೆಂಟ್ ಗವರ್ನರ್ ಓಡ್ವಾಯರ್ ಸತ್ತ, ಅದೇ ವೇದಿಕೆಯಲ್ಲಿ ಗುಂಡು ತಗಲಿದ ಉಳಿದ ಮೂವರು ಬದುಕಿದರು.

ಫಾಸ್ಬರಿಯ ಹೆಸರು ಇಲ್ಲಿ ಇನ್ನೊಮ್ಮೆ ಬರುತ್ತದೆ. 1863ರ ಅಂಬೇಲಾ ಕಾಳಗದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಈ ಮನುಷ್ಯ ಒದೆತವನ್ನು ಶತ್ರುವೆಂದು ನೋಡಲೇ ಇಲ್ಲ. ಒದೆತದ ಬಲದಿಂದಲೇ ನಳಿಗೆಯೂ ಗುಂಡಿನ ಗಾಲಿಯೂ ಹಿಂದೆ ಸರಿದು, ಗಾಲಿ ತಿರುಗಿ, ಮುಂದಿನ ಗುಂಡಿಗೆ ಸಜ್ಜಾಗುವ ಯಂತ್ರವನ್ನು ಕಲ್ಪಿಸಿದ. 1901ರಲ್ಲಿ ಮಾರುಕಟ್ಟೆಗೆ ಬಂದ ವೆಬ್ಲಿ-ಫಾಸ್ಬರಿ ರಿವಾಲ್ವರ್ ಅದೇ. ಸರಿಯುವ ಭಾಗ ಸ್ವಲ್ಪ ಒದೆತವನ್ನು ತಾನೇ ನುಂಗುತ್ತಿದ್ದುದರಿಂದ ಗುರಿಗಾರರಿಗೆ ಅದು ಬಲು ಹಿಡಿಸಿತು. ಯುದ್ಧಭೂಮಿಯ ಕೆಸರಿಗೆ ಮಾತ್ರ ಅದು ಒಗ್ಗಲಿಲ್ಲ.

ಮೊದಲ ಮಹಾಯುದ್ಧದ ಅನುಭವದಿಂದ ಬ್ರಿಟಿಷರಿಗೆ ಒಂದು ಸಂಗತಿ ಮನವರಿಕೆಯಾಯಿತು: ತರಾತುರಿಯಲ್ಲಿ ತರಬೇತಾದ ಸೈನಿಕನಿಗೆ .455 ಪಳಗಿಸುವುದು ಕಷ್ಟ. 1932ರಲ್ಲಿ ಬಂದ ಎನ್‌ಫೀಲ್ಡ್ ರಿವಾಲ್ವರಿನ ಬೋರ್ .38, ಗುಂಡು 200 ಗ್ರೇನ್, ಶಕ್ತಿ 230 ಜೌಲ್. ಆದರೆ ಆಯುಧವೂ ಹಗುರಾಗಿ 780 ಗ್ರಾಮಿಗೆ ಇಳಿದದ್ದರಿಂದ ಒದೆತ 4 ಜೌಲ್ ಮುಟ್ಟಿತು. ಶಕ್ತಿಯಲ್ಲಿ ಐದನೆಯ ಒಂದು ಭಾಗ ಬಿಟ್ಟುಕೊಟ್ಟು ಒದೆತದಲ್ಲಿ ಉಳಿಸಿದ್ದೂ ಸರಿಸುಮಾರು ಅಷ್ಟೇ. ಹಗುರ ಆಯುಧದ ಆಸೆ ತೋಟಾದ ಲಾಭವನ್ನು ತಿಂದುಹಾಕುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗಲಿಕ್ಕಿಲ್ಲ.

ಅತ್ತ ಅಮೆರಿಕನ್ನರದು ಬೇರೆಯದೇ ಹಾದಿ. 1873ರ .45 ಕೋಲ್ಟ್ ಕರಿಮದ್ದಿನ ತೋಟಾ. 255 ಗ್ರೇನ್ ಗುಂಡಿಗೆ 550 ಜೌಲ್ ಹತ್ತಿರ ಶಕ್ತಿ ಕೊಡುತ್ತಿತ್ತು. ಹೊಗೆಯಿಲ್ಲದ ಮದ್ದು, ಒಳ್ಳೆಯ ಉಕ್ಕು ಎರಡೂ ಕೈಸೇರಿದ ಮೇಲೆ ಅವರು ವೇಗದ ಬೆನ್ನು ಹತ್ತಿದರು. 1935ರಲ್ಲಿ ಸ್ಮಿತ್ ಅಂಡ್ ವೆಸನ್ ತಂದ .357 ಮ್ಯಾಗ್ನಂ ಅದರ ಮೊದಲ ಫಲ. ಹಳೆಯ .38 ಸ್ಪೆಷಲ್ ಚಿಪ್ಪನ್ನೇ ಒಂದು ಅಂಗುಲದ ಎಂಟನೇ ಒಂದು ಭಾಗದಷ್ಟು ಉದ್ದ ಮಾಡಿದರು, ಹೆಚ್ಚು ಮದ್ದು ಹಿಡಿಯಲೆಂದಲ್ಲ, ಅರಿಯದೆ ಯಾರಾದರೂ ಹಳೆಯ ದುರ್ಬಲ ರಿವಾಲ್ವರಿನಲ್ಲಿ ತುಂಬಬಾರದೆಂದು. 158 ಗ್ರೇನ್ ಗುಂಡು ಸೆಕೆಂಡಿಗೆ 376 ಮೀಟರ್ ಓಡಿದರೆ ಶಕ್ತಿ 725 ಜೌಲ್. ಇದನ್ನು .455ರ ಪಕ್ಕದಲ್ಲಿಡಿ: ಶಕ್ತಿ ಎರಡೂವರೆ ಪಟ್ಟು ಹೆಚ್ಚಿದೆ, ಗುಂಡಿನ ಸಂವೇಗ ಹೆಚ್ಚಿರುವುದು ನೂರಕ್ಕೆ ಇಪ್ಪತ್ತರಷ್ಟು ಮಾತ್ರ. ಪೆಟ್ಟಿಗೆಯ ಅಂಕಿ ನೋಡಿದವನು ವೆಬ್ಲಿಯನ್ನು ಆಟಿಕೆ ಎನ್ನುತ್ತಾನೆ. ಎರಡನ್ನೂ ಹಾರಿಸಿದವನು ಅಷ್ಟು ಸಲೀಸಾಗಿ ಹಾಗೆನ್ನಲಾರ.

ಐಡಾಹೊದ ದನಗಾಹಿ, ಬೇಟೆಗಾರ, ಬರಹಗಾರ ಎಲ್ಮರ್ ಕೀತ್ ದಶಕಗಳ ಕಾಲ .44 ಸ್ಪೆಷಲ್ ಚಿಪ್ಪಿಗೆ ಮಿತಿಮೀರಿ ಮದ್ದು ತುಂಬಿ ಪ್ರಯೋಗ ಮಾಡಿ, ಕಂಪನಿಗಳ ಬೆನ್ನು ಬಿದ್ದ. 1955ರ ಕೊನೆಗೆ ರೆಮಿಂಗ್ಟನ್ ತೋಟಾ, ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಸೇರಿ .44 ಮ್ಯಾಗ್ನಂ ಹುಟ್ಟಿತು. 240 ಗ್ರೇನ್ ಗುಂಡು, ನಳಿಗೆಯ ಉದ್ದಕ್ಕೆ ತಕ್ಕಂತೆ 1,000ದಿಂದ 1,300 ಜೌಲ್, 1.35 ಕಿಲೋ ಆಯುಧದಲ್ಲಿ 15ರಿಂದ 20 ಜೌಲ್ ಒದೆತ. ವೆಬ್ಲಿಯ ಮೂರು ನಾಲ್ಕು ಪಟ್ಟು. 1971ರ ಡರ್ಟಿ ಹ್ಯಾರಿ ಚಿತ್ರ ಇದನ್ನು ಜಗತ್ತಿನ ಅತಿ ಬಲಶಾಲಿ ಎಂದು ಸಾರಿ ಮನೆಮಾತಾಗಿಸಿತು. ನಮ್ಮ ಸಿನಿಮಾ ನಾಯಕರು ರಿವಾಲ್ವರ್ ಹಾರಿಸುವಾಗ ಮಣಿಕಟ್ಟು ಕೂದಲೆಳೆಯಷ್ಟೂ ಅಲುಗದಿರುವುದಕ್ಕೆ ಖಾಲಿ ತೋಟಾದ ಹೊರತು ಬೇರೆ ಕಾರಣ ಹುಡುಕಬೇಕಿಲ್ಲ. ಗುಂಡೇ ಇಲ್ಲದ ಮೇಲೆ ಸಂವೇಗ ಎಲ್ಲಿಂದ ಬರಬೇಕು?

ಅತಿ ಬಲಶಾಲಿ ಎಂಬ ಆ ಮಾತು ಆಗಲೇ ಪೂರ್ತಿ ನಿಜವಾಗಿರಲಿಲ್ಲ. ಯೂಟಾದ ಡಿಕ್ ಕಸುಲ್ 1950ರ ದಶಕದಲ್ಲೇ .45 ಕೋಲ್ಟನ್ನು ಉದ್ದ ಮಾಡಿ .454 ಕಸುಲ್ ರೂಪಿಸಿದ್ದ. ಅದಕ್ಕೆ ಸರಿಯಾದ ಕಾರ್ಖಾನೆ ರಿವಾಲ್ವರ್ ಬಂದದ್ದು 1983ರಲ್ಲಿ, ಫ್ರೀಡಂ ಆರ್ಮ್ಸ್ ಕಂಪನಿಯಿಂದ. ಹಳೆಯ .45 ಕೋಲ್ಟ್ ಚಿಪ್ಪಿನೊಳಗಿನ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 14,000 ಪೌಂಡ್. ಕಸುಲ್‌ನಲ್ಲಿ 65,000, ರೈಫಲ್ಲಿಗೆ ಸಮ. ಗಾಲಿಯ ಗೋಡೆ ದಪ್ಪ ಉಳಿಯಲೆಂದು ಆರರ ಬದಲು ಐದೇ ಮನೆ ಕೊರೆದರು. ಶಕ್ತಿ 2,400 ಜೌಲ್ ದಾಟಿತು. 2003ರಲ್ಲಿ ಬಂದ .500 ಸ್ಮಿತ್ ಅಂಡ್ ವೆಸನ್ ಅದನ್ನೂ ಮೀರಿಸಿ 3,400 ಜೌಲ್ ಮುಟ್ಟಿತು. ನಮ್ಮ ಪೊಲೀಸರ ಹಳೆಯ .303 ರೈಫಲ್ ಕೊಡುವುದು 3,100 ಚಿಲ್ಲರೆ. ಅಂದರೆ ಇದು ಕೈಯಲ್ಲಿ ಹಿಡಿದ ರೈಫಲ್.

ಒದೆತದ ಲೆಕ್ಕದಲ್ಲಿ ಈ ಹೋಲಿಕೆ ಇನ್ನೂ ರೋಚಕ. ನಾಲ್ಕು ಕಿಲೋ ತೂಕದ .303 ರೈಫಲ್ ಭುಜಕ್ಕೆ ಕೊಡುವುದು 16 ಜೌಲ್. ಕುಷ್ಟಗಿ, ಯಲಬುರ್ಗಾ ಕಡೆ ಹೊಲದಲ್ಲಿ ಹಂದಿ ಬೆದರಿಸಲು ಲೈಸೆನ್ಸ್ ಪಡೆದವರ 12 ಬೋರ್ ಬಂದೂಕು ಸುಮಾರು 30 ಜೌಲ್. ‘ಭಾಳ ಒದೀತೈತಿ’ ಎಂಬ ದೂರು ಅದರ ಮೇಲೆ ಸದಾ ಇದೆ. ಎರಡು ಕಿಲೋ ತೂಕದ .500 ರಿವಾಲ್ವರಿನದು 50ರಿಂದ 60. ಭುಜವಾದರೆ ಇಡೀ ಮೈಯನ್ನು ಬೆನ್ನಿಗೆ ಕರೆದುಕೊಳ್ಳುತ್ತದೆ. ಅಂಗೈಗೆ ಆಸರೆ ಹೆಬ್ಬೆರಳಿನ ಬುಡದ ಮಾಂಸ, ಮಣಿಕಟ್ಟಿನ ಸಣ್ಣ ಎಲುಬುಗಳು, ಅಷ್ಟೇ. ನಳಿಗೆಯ ತುದಿಯಲ್ಲಿ ರಂಧ್ರಗಳನ್ನಿಟ್ಟು ಹೊಗೆಯನ್ನು ಬದಿಗೂ ಮೇಲಕ್ಕೂ ತಿರುಗಿಸುವ ವ್ಯವಸ್ಥೆ ಆ ರಿವಾಲ್ವರಿನಲ್ಲಿದೆ. ಅದು ಒದೆತ ತಗ್ಗಿಸುತ್ತದೆ ನಿಜ, ಆದರೆ ಸದ್ದನ್ನು ಪಕ್ಕದವರ ಕಿವಿಗೆ ತಿರುಗಿಸುತ್ತದೆ.

ಜೌಲ್ ಒಂದೇ ಇದ್ದರೂ ಕೈಗೆ ತಿಳಿಯುವ ಒದೆತ ಒಂದೇ ಅಲ್ಲ. ಭಾರದ ಗುಂಡನ್ನು ನಿಧಾನ ಮದ್ದು ತಳ್ಳಿದರೆ ಜೋಳದ ಚೀಲ ಹೆಗಲಿಗೆ ಇಳಿಸಿದ ಹಾಗೆ. ಹಗುರ ಗುಂಡನ್ನು ಚುರುಕು ಮದ್ದು ಒಗೆದರೆ ಬಾರುಕೋಲಿನ ಏಟು. ಅನೇಕ ಗುರಿಗಾರರು .45 ಕೋಲ್ಟನ್ನು ಮೆಚ್ಚಿ .357 ಮ್ಯಾಗ್ನಂಗೆ ಮುಖ ಸಿಂಡರಿಸುವುದು ಈ ಕಾರಣಕ್ಕೆ. ನಳಿಗೆ ಮುಷ್ಟಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದೂ ಮುಖ್ಯ. ಎತ್ತರ ಹೆಚ್ಚಿದಷ್ಟೂ ಆಯುಧ ಹಿಂದಕ್ಕೆ ಬರುವ ಬದಲು ಮೇಲಕ್ಕೆ ತಿರುಗುತ್ತದೆ. ಹಳೆಯ ಕೋಲ್ಟ್ ಮಾದರಿಯ ಬಾಗಿದ ಹಿಡಿ ಅಂಗೈಯಲ್ಲಿ ಉರುಳಿ ಆ ಬಲವನ್ನು ಹಂಚುತ್ತದೆ. ಹೊಸ ಮಾದರಿಗಳ ರಬ್ಬರ್ ಹಿಡಿ ಹೊಡೆತದ ಅವಧಿಯನ್ನು ಕೊಂಚ ಉದ್ದ ಮಾಡುತ್ತದೆ.

ಒದೆತ ಬರೀ ನೋವಿನ ಮಾತಲ್ಲ. ಮುಂದಿನ ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಮೊದಲೇ ಕೈ ಬೆಚ್ಚಿದರೆ ಗುಂಡು ಗುರಿಗಿಂತ ಕೆಳಗೆ ಹೋಗುತ್ತದೆ. ದೊಡ್ಡ ಬೋರ್ ಕೊಂಡವರಲ್ಲಿ ಬಹಳ ಮಂದಿಗೆ ಇದೇ ರೋಗ, ಔಷಧಿ ಸಣ್ಣ ಬೋರಿನಲ್ಲಿ ಅಭ್ಯಾಸ. ಯಂತ್ರಕ್ಕೂ ಒಂದು ತೊಂದರೆ ಇದೆ. ಹಗುರ ರಿವಾಲ್ವರ್ ಜೋರಾಗಿ ಹಿಂದೆ ಜಿಗಿದಾಗ ಗಾಲಿಯಲ್ಲಿ ಕಾದಿರುವ ಉಳಿದ ತೋಟಾಗಳ ಗುಂಡುಗಳು ಜಡತ್ವದಿಂದ ಚಿಪ್ಪಿನಿಂದ ಮುಂದಕ್ಕೆ ಜಾರಿ ಗಾಲಿಯೇ ಸಿಕ್ಕಿಕೊಳ್ಳಬಹುದು. ಚಿಪ್ಪಿನ ಬಾಯನ್ನು ಗುಂಡಿನ ಸುತ್ತ ಬಿಗಿಯಾಗಿ ಮಡಿಸುವುದು ಅದಕ್ಕೇ.

ಇಷ್ಟು ಬಲ ಯಾರಿಗೆ ಬೇಕು? ಅಮೆರಿಕದ ಹಲವು ರಾಜ್ಯಗಳಲ್ಲಿ ಕೈಬಂದೂಕಿನಿಂದ ಜಿಂಕೆ ಬೇಟೆಗೆ ಅನುಮತಿಯಿದೆ. ಅಲಾಸ್ಕಾದಲ್ಲಿ ಮೀನು ಹಿಡಿಯಲು ಹೋಗುವವರು ಕಂದು ಕರಡಿಯ ಭಯಕ್ಕೆ .44 ಅಥವಾ .454 ಕಟ್ಟಿಕೊಳ್ಳುತ್ತಾರೆ. ಕರಡಿ ಕೊಪ್ಪಳ ಜಿಲ್ಲೆಗೂ ಹೊಸದಲ್ಲ. ಗಂಗಾವತಿ, ಆನೆಗುಂದಿಯ ಬಂಡೆಗುಡ್ಡಗಳಲ್ಲಿ ಕರಡಿಯೂ ಚಿರತೆಯೂ ಇವೆ, ತುಂಗಭದ್ರೆಯ ಆಚೆ ದಂಡೆಯ ಸೀಮೆಯಲ್ಲಿ 1994ರಿಂದ ದರೋಜಿ ಕರಡಿಧಾಮವಿದೆ, ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೇ ಮೀಸಲಾದ ಧಾಮ ಆಗಿದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಮೂರೂ ಮೊದಲ ಪರಿಚ್ಛೇದದ ಪ್ರಾಣಿಗಳು. ಊರಿಗೆ ಚಿರತೆ ನುಗ್ಗಿದರೆ ಬರುವುದು ಅರಣ್ಯ ಇಲಾಖೆಯ ಬೋನು, ಅರಿವಳಿಕೆ ಚುಚ್ಚುಮದ್ದಿನ ಬಂದೂಕು. ಬೇಟೆಗಾರನ ಮ್ಯಾಗ್ನಂಗೆ ಇಲ್ಲಿ ಕೆಲಸವೇ ಇಲ್ಲ.

ಕಾನೂನೂ ಅದಕ್ಕೆ ಎಡೆ ಕೊಡುವುದಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1878ರ ಶಸ್ತ್ರಾಸ್ತ್ರ ಕಾಯಿದೆ ನಡೆಯುತ್ತಿದ್ದಾಗ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರು. ಕುಷ್ಟಗಿ, ಗಂಗಾವತಿ ನಿಜಾಮರ ರಾಯಚೂರು ಜಿಲ್ಲೆಗೆ ಸೇರಿದ್ದವು. ಕೆಲವೇ ಹರದಾರಿ ಆಚೆಯ ಮುಂಡರಗಿ, ಗಜೇಂದ್ರಗಡ ಮುಂಬಯಿ ಪ್ರಾಂತ. 1947-48ರಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ ಮುಂಡರಗಿಯಲ್ಲೂ ಪುಂಡಲೀಕಪ್ಪ ಜ್ಞಾನಮೋಠೆ ಗಜೇಂದ್ರಗಡದಲ್ಲೂ ಶಿಬಿರ ಹೂಡಿ ರಜಾಕಾರರ ವಿರುದ್ಧ ನಿಂತದ್ದು ಈ ಗಡಿಯ ಅನುಕೂಲದಿಂದಲೇ. ಆಗ ಆಸ್ಟ್ರೇಲಿಯಾದ ಸಿಡ್ನಿ ಕಾಟನ್ ಕರಾಚಿಯಿಂದ ವಿಮಾನಗಳಲ್ಲಿ ನಿಜಾಮನಿಗೆ ಕಳ್ಳಬಂದೂಕು ಹೊತ್ತು ತರುತ್ತಿದ್ದ. 1948ರ ಸೆಪ್ಟೆಂಬರ್ 17ಕ್ಕೆ ಅದೆಲ್ಲ ಮುಗಿಯಿತು. 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂದ 1959ರ ಶಸ್ತ್ರಾಸ್ತ್ರ ಕಾಯಿದೆ ಎರಡೂ ಬದಿಗೆ ಒಂದೇ.

ಈ ವ್ಯವಸ್ಥೆಯಲ್ಲಿ ಸೇನೆ, ಪೊಲೀಸರು ಬಳಸುವ ಇಲ್ಲವೇ ಹಿಂದೆ ಬಳಸುತ್ತಿದ್ದ .455, .38, 9 ಮಿ.ಮೀ. ಹಾಗೂ .303 ನಿಷೇಧಿತ ಬೋರುಗಳು. ಸಾಮಾನ್ಯ ನಾಗರಿಕನ ರಿವಾಲ್ವರ್ ಎಂದರೆ .32. ಜಿಲ್ಲಾಧಿಕಾರಿ ಕೊಡುವ ಲೈಸೆನ್ಸು 2019ರ ತಿದ್ದುಪಡಿಯ ನಂತರ ಐದು ವರ್ಷಕ್ಕೆ, ಒಬ್ಬರಿಗೆ ಎರಡೇ ಆಯುಧ. ಚುನಾವಣೆ ಬಂದಾಗ ಅವೂ ಠಾಣೆಗೆ ಹೋಗಿ ಕೂರುತ್ತವೆ. .32 ತೋಟಾದ 98 ಗ್ರೇನ್ ಗುಂಡಿನ ಶಕ್ತಿ 150 ಜೌಲ್ ಹತ್ತಿರ, ವೆಬ್ಲಿ .455ರ ಅರ್ಧ. ಕಾನ್ಪುರದ ಸರಕಾರಿ ಕಾರ್ಖಾನೆಯ 700 ಗ್ರಾಮಿನ ರಿವಾಲ್ವರಿನಲ್ಲಿ ಒದೆತ ಒಂದೂವರೆ ಜೌಲಿಗಿಂತ ಕಡಿಮೆ. ದೆಹಲಿಯ ನಿರ್ಭಯಾ ಪ್ರಕರಣದ ನೆನಪಿನಲ್ಲಿ 2014ರಲ್ಲಿ ಮಹಿಳೆಯರಿಗೆಂದು ಬಂದ ನಿರ್ಭೀಕ್‌ಗೆ ಟೈಟೇನಿಯಂ ಬಳಸಿ ತೂಕವನ್ನು 500 ಗ್ರಾಮಿಗೆ ಇಳಿಸಿದರು. ಕೈಚೀಲಕ್ಕೆ ಹಗುರ, ಸರಿ. ಒದೆತ ಮಾತ್ರ ನೂರಕ್ಕೆ ನಲವತ್ತರಷ್ಟು ಏರಿ ಎರಡು ಜೌಲಾಯಿತು. ಆಗ ಬೆಲೆಯೂ ಲಕ್ಷದ ಮೇಲಿತ್ತು. ತಯಾರಕರು ಮೆಚ್ಚಿ ಹೇಳಿಕೊಂಡದ್ದು ತೂಕವನ್ನು, ಹಾರಿಸುವವಳ ಕೈಗೆ ಗೊತ್ತಾಗುವುದು ಒದೆತ.

2020ರಲ್ಲಿ ಹಳೆಯ ವೆಬ್ಲಿ ಕಂಪನಿಯೇ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ಲಖನೌದ ಪಾಲುದಾರರ ಜೊತೆ .32 ರಿವಾಲ್ವರ್ ತಯಾರಿಕೆ ಶುರುಮಾಡಿತು. ಮೂರು ವರ್ಷದ ನಂತರ ಕಾನ್ಪುರದ ಕಾರ್ಖಾನೆ ‘ಪ್ರಬಲ್’ ಹೊರತಂದಿತು. ಗಾಲಿ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ನಳಿಗೆ 76 ಮಿ.ಮೀ., ತೋಟಾ ಬಿಟ್ಟು ತೂಕ ಮತ್ತೆ 700 ಗ್ರಾಂ. ಅದು ಹಾರಿಸುವುದು 1896ರಲ್ಲಿ ಸ್ಮಿತ್ ಅಂಡ್ ವೆಸನ್ ರೂಪಿಸಿದ ಅದೇ .32 ಲಾಂಗ್.